ಹರಳಿನೊಳಗಿನ ರಂಗೋಲಿ

(ಸಂಘದ ಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹಾಡು, ನಾಟಕ, ನಗೆಹನಿಗಳ ನಡುವೆ ಅರ್ಧ ಗಂಟೆ ವಿಜ್ಞಾನದ ಮಾತೂ ಇರಲಿ, ಅದೂ ಕನ್ನಡದಲ್ಲೇ ಇರಲಿ ಎಂದು ಕಾರ್ಯಕಾರಿ ಸಮಿತಿಯವರು ಕೇಳಿದಾಗ ನಾವು ಆರಿಸಿಕೊಂಡ ವಿಷಯ ಹರಳುಗಳದು. ಹರಳಿನ ಮೇಲೆ ಕ್ಷ-ಕಿರಣವನ್ನು ಹಾಯಿಸಿ ಅದರೊಳಗಿನ ಪರಮಾಣುಗಳು ಎಲ್ಲೆಲ್ಲಿ ಕುಳಿತಿವೆ ಎಂದು ಕಂಡುಹಿಡಿಯುವ ವಿದ್ಯೆಯದು. ಇದನ್ನೇ ಆರಿಸಲು ಎರಡು ಕಾರಣಗಳಿವೆ. ಈ ವಿದ್ಯೆಯ ದೊಡ್ಡ ಅಧ್ಯಾಯವೊಂದು ನಡೆದದ್ದು ನಾವಿರುವ ಈ ವಾಷಿಂಗ್ಟನ್ನಿನಲ್ಲೇ, ಪೊಟೋಮ್ಯಾಕ್ ನದಿಯ ದಡದಲ್ಲಿ. ಮತ್ತೊಂದು ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಈ ಎರಡು ಊರುಗಳ ನಡುವೆ ಓಡಾಡುವವರು ನಾವು ಮಾತ್ರ ಎಂದು ತಿಳಿದಿದ್ದೇವೆ. ನಮ್ಮ ಹಾಗೆಯೇ ಒಂದು ವಿದ್ಯೆಯೂ ಓಡಾಡಿದೆ.

ಮೊದಲು ಹರಳೆಂದರೇನು ಎಂಬುದನ್ನು ನೋಡೋಣ. ಅಡಿಗೆಮನೆಯ ಉಪ್ಪು ಹರಳು, ಸಕ್ಕರೆ ಹರಳು, ದಾರಕ್ಕೆ ಕಟ್ಟಿದ ಕಲ್ಲುಸಕ್ಕರೆ ಇನ್ನೂ ದೊಡ್ಡ ಹರಳು. ನಮ್ಮ ತಾಯಂದಿರು ಬಾಗಿಲ ಮುಂದೆ ಇಡುವ ಚುಕ್ಕಿ ರಂಗೋಲಿಯನ್ನು ನೆನೆಸಿಕೊಳ್ಳಿ. ಮೊದಲು ಸಮದೂರದಲ್ಲಿ ಚುಕ್ಕಿಗಳನ್ನು ಇಡುತ್ತಾರೆ. ಆಮೇಲೆ ಪ್ರತಿಯೊಂದು ಚುಕ್ಕಿಯ ಸುತ್ತ ಒಂದೇ ಬಗೆಯ ಎಳೆ ಎಳೆಯುತ್ತಾರೆ. ಒಂದು ಚುಕ್ಕಿಯ ಸುತ್ತಲಿನ ಎಳೆ ಗೊತ್ತಾದರೆ ಅಂಗಳ ತುಂಬಿದ ರಂಗೋಲಿಯೆಲ್ಲ ಗೊತ್ತಾದಂತೆ. ಹರಳೂ ಹಾಗೆಯೇ. ವ್ಯತ್ಯಾಸವಿಷ್ಟೆ: ಅದು ನೆಲದ ಮೇಲೆ ಮಾತ್ರ ಹರಡಿದ ರಂಗೋಲಿಯಲ್ಲ, ಮೇಲಕ್ಕೂ ಬೆಳೆದದ್ದು, ಚುಕ್ಕಿಯ ಸುತ್ತ ಇರುವುದು ಎಳೆಯಲ್ಲ, ಪರಮಾಣುಗಳ ಗುಂಪು. ಸಾಸಿವೆಯಷ್ಟು ಹರಳಿನಲ್ಲೂ ಈ ಗುಂಪು ಕೋಟಿ ಕೋಟಿ ಸಲ ಒಂದೇ ತೆರನಾಗಿ ಬರುತ್ತದೆ.

ಈ ರಂಗೋಲಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಾರದೇ ಎಂದು ನೀವು ಕೇಳಬಹುದು. ನೋಡಲಾಗದು. ಪರಮಾಣುಗಳ ನಡುವಿನ ದೂರ ಒಂದೆರಡು ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ 10 ಕೋಟಿಯಲ್ಲೊಂದು ಭಾಗ. ನಾವು ಕಾಣುವ ಬೆಳಕಿನ ಅಲೆಯ ಉದ್ದ 4,000ದಿಂದ 7,000 ಆಂಗ್‌ಸ್ಟ್ರಾಮ್. ಇಷ್ಟು ದೊಡ್ಡ ಅಲೆಗೆ ಅಷ್ಟು ಸಣ್ಣ ವಸ್ತು ಎಟುಕುವುದಿಲ್ಲ. ದಪ್ಪ ಕೈಗವಸು ಹಾಕಿಕೊಂಡು ರವೆಯ ಕಾಳುಗಳನ್ನು ಎಣಿಸಿದ ಹಾಗೆ. ಕ್ಷ-ಕಿರಣದ ಅಲೆಯಾದರೋ ಪರಮಾಣುಗಳ ಅಳತೆಯದೇ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ, ತಾಮ್ರದಿಂದ ಹೊರಡುವ ಕಿರಣದ ಅಲೆಯ ಉದ್ದ 1.54 ಆಂಗ್‌ಸ್ಟ್ರಾಮ್.

ರಾಂಟ್‌ಜೆನ್ 1895ರಲ್ಲಿ ಈ ಕಿರಣವನ್ನು ಕಂಡಾಗ ಅದೇನೆಂದು ತಿಳಿಯದೆ, ಗಣಿತದಲ್ಲಿ ಗೊತ್ತಿಲ್ಲದ್ದಕ್ಕೆ ಇಡುವ 'ಎಕ್ಸ್' ಎಂಬ ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳು ಅದನ್ನು 'ಕ್ಷ' ಮಾಡಿಕೊಂಡವು. 1912ರಲ್ಲಿ ಮ್ಯೂನಿಕ್‌ನಲ್ಲಿ ಲಾವೆಯವರ ಸಲಹೆಯಂತೆ ಫ್ರೀಡ್ರಿಷ್ ಮತ್ತು ನಿಪ್ಪಿಂಗ್ ಹರಳೊಂದರ ಮೂಲಕ ಈ ಕಿರಣವನ್ನು ಹಾಯಿಸಿದರು. ಹಿಂದೆ ಇಟ್ಟಿದ್ದ ಫೋಟೋ ಫಲಕದ ಮೇಲೆ ಕ್ರಮವಾಗಿ ಜೋಡಿಸಿದ ಚುಕ್ಕಿಗಳು ಮೂಡಿದವು. ಒಂದೇ ಪ್ರಯೋಗದಿಂದ ಎರಡು ಸಂಗತಿಗಳು ಖಚಿತವಾದವು: ಕ್ಷ-ಕಿರಣ ಒಂದು ಅಲೆ, ಹರಳು ಪರಮಾಣುಗಳ ಕ್ರಮಬದ್ಧ ಜೋಡಣೆ.

ಆ ಚುಕ್ಕಿಗಳನ್ನು ಓದುವ ಬಗೆಯನ್ನು ಇಂಗ್ಲೆಂಡಿನ ಬ್ರ್ಯಾಗ್ ತಂದೆ-ಮಗ ತೋರಿಸಿಕೊಟ್ಟರು. ಹರಳಿನ ಪರಮಾಣುಗಳು ಪದರ ಪದರವಾಗಿ ಕೂತಿವೆಯೆಂದು ಎಣಿಸಿ. ಮೇಲಿನ ಪದರದಿಂದ ತಿರುಗಿ ಬಂದ ಅಲೆಗಿಂತ ಕೆಳಗಿನ ಪದರದಿಂದ ಬಂದದ್ದು ಸ್ವಲ್ಪ ಹೆಚ್ಚು ದೂರ ನಡೆದಿರುತ್ತದೆ. ಆ ಹೆಚ್ಚಿನ ದೂರ ಸರಿಯಾಗಿ ಒಂದು ಅಲೆಯಷ್ಟೋ, ಎರಡು ಅಲೆಯಷ್ಟೋ ಆಗಿದ್ದರೆ ಎಲ್ಲ ಅಲೆಗಳೂ ಕೂಡಿಕೊಂಡು ಚುಕ್ಕಿ ಹೊಳೆಯುತ್ತದೆ. ಇಲ್ಲವಾದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಹೊಳೆದ ಚುಕ್ಕಿಯ ಕೋನದಿಂದ ಪದರಗಳ ನಡುವಿನ ದೂರ ಸಿಗುತ್ತದೆ. ಈ ಕೆಲಸಕ್ಕೆ 1915ರ ನೊಬೆಲ್ ಬಂದಾಗ ಮಗ ಲಾರೆನ್ಸ್ ಬ್ರ್ಯಾಗ್‌ಗೆ ವಯಸ್ಸು 25.

ಹೀಗೆ ಮೊದಲು ಬಿಡಿಸಿದ ಹರಳುಗಳಲ್ಲಿ ಅಡಿಗೆಯ ಉಪ್ಪೂ ಒಂದು. ಅದರಲ್ಲಿ ಒಂದು ಸೋಡಿಯಂ ಒಂದು ಕ್ಲೋರಿನ್ ಜೋಡಿಯಾಗಿ ಇರಲೇ ಇಲ್ಲ. ಪ್ರತಿಯೊಂದು ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿಯೊಂದು ಕ್ಲೋರಿನ್ ಸುತ್ತ ಆರು ಸೋಡಿಯಂ. ಇದನ್ನು ಒಪ್ಪದ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ, ಬಡಪಾಯಿ ಉಪ್ಪನ್ನು ಚದುರಂಗದ ಮಣೆ ಮಾಡಿದರೆಂದು 1927ರಲ್ಲಿಯೂ ಪತ್ರಿಕೆಗೆ ಬರೆದು ಗೊಣಗಿದರು. ಕಣ್ಣಿಗೆ ಕಾಣದ್ದನ್ನು ನಂಬಿಸುವುದು ಯಾವ ಕಾಲದಲ್ಲೂ ಸುಲಭವಲ್ಲ.

ಇನ್ನು ಕಗ್ಗಂಟಿನ ವಿಷಯ. ಉಪ್ಪಿನಂಥ ಸರಳ ಹರಳನ್ನು ಊಹೆಯಿಂದ ಬಿಡಿಸಬಹುದು. ಮೂವತ್ತು ನಲವತ್ತು ಪರಮಾಣುಗಳಿರುವ ಔಷಧಿಯ ಅಣುವನ್ನು ಹಾಗೆ ಬಿಡಿಸಲಾಗದು. ಅದಕ್ಕೆ ಸಾವಿರಾರು ಚುಕ್ಕಿಗಳು ಬರುತ್ತವೆ. ಪ್ರತಿ ಚುಕ್ಕಿ ಎಷ್ಟು ಪ್ರಖರವಾಗಿದೆ ಎಂದು ಅಳೆಯಬಹುದು. ಆದರೆ ಆ ಚುಕ್ಕಿಯನ್ನು ಮಾಡಿದ ಅಲೆ ಯಾವ ಏರಿನಲ್ಲಿ, ಯಾವ ಇಳಿವಿನಲ್ಲಿ ಬಂದು ತಲುಪಿತು ಎಂಬುದು ಫಲಕದ ಮೇಲೆ ದಾಖಲಾಗುವುದಿಲ್ಲ. ಇದಕ್ಕೆ 'ಫೇಸ್' ಎನ್ನುತ್ತಾರೆ. ನೂರು ಜನ ಹಾಡಿದ ವೃಂದಗಾನದಲ್ಲಿ ಯಾರು ಎಷ್ಟು ಗಟ್ಟಿಯಾಗಿ ಹಾಡಿದರು ಎಂಬ ಪಟ್ಟಿ ನಮ್ಮ ಕೈಗೆ ಸಿಕ್ಕಿದೆ, ಯಾರು ತಾಳದ ಯಾವ ಪೆಟ್ಟಿಗೆ ಎತ್ತಿಕೊಂಡರು ಎಂಬ ಪಟ್ಟಿ ಕಳೆದುಹೋಗಿದೆ ಎಂದುಕೊಳ್ಳಿ. ಮೊದಲ ಪಟ್ಟಿಯೊಂದರಿಂದಲೇ ಹಾಡನ್ನು ಮರಳಿ ಕಟ್ಟಬೇಕು. ಇದು ಆಗದ ಕೆಲಸವೆಂದೇ ಬಹಳ ಮಂದಿ ನಂಬಿದ್ದರು. ಕಲ್ಕತ್ತಾದಲ್ಲಿ ಕೇದಾರೇಶ್ವರ ಬ್ಯಾನರ್ಜಿಯವರು 1933ರಲ್ಲೇ ಈ ದಿಕ್ಕಿನಲ್ಲಿ ಒಂದು ದಾರಿ ತೋರಿಸಿದ್ದರು. ಆ ದಾರಿಯನ್ನು ಹೆದ್ದಾರಿ ಮಾಡಿದವರು ನಮ್ಮ ಈ ಊರಿನವರು.

1946ರಲ್ಲಿ ಇಲ್ಲಿನ ನೌಕಾ ಸಂಶೋಧನಾ ಪ್ರಯೋಗಾಲಯಕ್ಕೆ ಒಂದು ಜೋಡಿ ಬಂದಿತು: ಜೆರೋಮ್ ಕಾರ್ಲ್ ಮತ್ತು ಇಸಬೆಲ್ಲಾ ಕಾರ್ಲ್. ಜೆರೋಮ್ ನ್ಯೂಯಾರ್ಕಿನವರು. ಇಸಬೆಲ್ಲಾ ಡೆಟ್ರಾಯಿಟ್‌ನಲ್ಲಿ 1921ರಲ್ಲಿ ಪೋಲೆಂಡಿನಿಂದ ವಲಸೆ ಬಂದ ಮನೆಯಲ್ಲಿ ಹುಟ್ಟಿದವರು. ಮನೆಮಾತು ಪೋಲಿಷ್, ಇಂಗ್ಲಿಷು ಕಲಿತದ್ದು ಶಾಲೆಗೆ ಹೋದ ಮೇಲೆ. ನಮ್ಮ ಮಕ್ಕಳು ಈ ಮಾತನ್ನು ಕೇಳಿಸಿಕೊಳ್ಳಬೇಕು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇಬ್ಬರೂ ಪಿಎಚ್.ಡಿ. ಮಾಡಿದರು. ಆಗ ಗಂಡ-ಹೆಂಡತಿ ಇಬ್ಬರಿಗೂ ಒಂದೇ ಕಡೆ ಕೆಲಸ ಕೊಡುವ ಸಂಸ್ಥೆಗಳು ವಿರಳ. ಒಬ್ಬರಿಗೆ ಒಂದೂರು, ಇನ್ನೊಬ್ಬರಿಗೆ ಇನ್ನೊಂದೂರು ಎಂಬ ಕಷ್ಟ ಈ ಸಭೆಯಲ್ಲಿ ಹಲವರಿಗೆ ಗೊತ್ತಿರುವುದೇ. ಇಬ್ಬರನ್ನೂ ಕರೆದದ್ದು ಈ ಪ್ರಯೋಗಾಲಯ. ಅವರು ಅಲ್ಲಿಯೇ ಅರವತ್ತು ವರ್ಷಗಳಿಗೂ ಮೀರಿ ದುಡಿದು 2009ರಲ್ಲಿ ಒಟ್ಟಿಗೆ ನಿವೃತ್ತರಾದರು.

ಗಣಿತಜ್ಞ ಹರ್ಬರ್ಟ್ ಹಾಪ್ಟ್‌ಮನ್ 1947ರಲ್ಲಿ ಅವರನ್ನು ಕೂಡಿಕೊಂಡರು. ಹಗಲು ಪ್ರಯೋಗಾಲಯದಲ್ಲಿ ದುಡಿಯುತ್ತಲೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ 1955ರಲ್ಲಿ ಪಿಎಚ್.ಡಿ. ಪಡೆದವರು ಇವರು. ಜೆರೋಮ್ ಮತ್ತು ಹಾಪ್ಟ್‌ಮನ್ ಅವರ ತರ್ಕ ಹೀಗಿತ್ತು: ಹರಳಿನಲ್ಲಿ ಇಲೆಕ್ಟ್ರಾನುಗಳ ದಟ್ಟಣೆ ಎಲ್ಲಿಯೂ ಸೊನ್ನೆಗಿಂತ ಕಡಿಮೆಯಾಗಲಾರದು, ಪರಮಾಣುಗಳು ಬಿಡಿಬಿಡಿಯಾಗಿ ನಿಂತ ಗುಡ್ಡೆಗಳು. ಇಷ್ಟನ್ನು ಒಪ್ಪಿದರೆ ಅಲೆಗಳು ಮನಬಂದಂತೆ ಎತ್ತಿಕೊಳ್ಳುವ ಹಾಗಿಲ್ಲ. ಪ್ರಖರವಾದ ಕೆಲವು ಚುಕ್ಕಿಗಳನ್ನು ಮೂರು ಮೂರಾಗಿ ತೆಗೆದುಕೊಂಡಾಗ, ಎರಡರ ಫೇಸ್ ಗೊತ್ತಿದ್ದರೆ ಮೂರನೆಯದು ಹೀಗೆಯೇ ಇದ್ದೀತೆಂದು ಸಂಭವನೀಯತೆಯ ಲೆಕ್ಕದಿಂದ ಹೇಳಬಹುದು. 1953ರಲ್ಲಿ ಅವರ ಪ್ರಬಂಧ ಹೊರಬಂದಿತು. ಇದೇ ಊರಿನಲ್ಲಿದ್ದ ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು ಕೋಲ್‌ಮನೈಟ್ ಎಂಬ ಖನಿಜದ ರಚನೆಯನ್ನು ಈ ವಿಧಾನದಿಂದ ಬಿಡಿಸಿ 1954ರಲ್ಲಿ ಪ್ರಕಟಿಸಿದರು. ಆದರೂ ಹೆಚ್ಚಿನವರು ನಂಬಲಿಲ್ಲ. ಸಮೀಕರಣಗಳು ದಟ್ಟವಾಗಿದ್ದವು, ರಸಾಯನ ವಿಜ್ಞಾನಿಗಳಿಗೆ ಅದು ಕಬ್ಬಿಣದ ಕಡಲೆ.

ಆ ಕಡಲೆಯನ್ನು ಬೇಯಿಸಿ ಮೆತ್ತಗೆ ಮಾಡಿದವರು ಇಸಬೆಲ್ಲಾ. ಅವರ ಕ್ರಮವನ್ನು ನಮ್ಮ ಪತ್ರಿಕೆಗಳ ಪದಬಂಧಕ್ಕೆ ಹೋಲಿಸಬಹುದು. ಪದಬಂಧದಲ್ಲಿ ಮೊದಲು ಖಚಿತವಾಗಿ ಗೊತ್ತಿರುವ ಒಂದೆರಡು ಪದಗಳನ್ನು ತುಂಬುತ್ತೇವೆ. ಅವುಗಳ ಅಕ್ಷರ ಹಿಡಿದು ಅಡ್ಡ ಸಾಲುಗಳಿಗೆ ಹೋಗುತ್ತೇವೆ. ಇಸಬೆಲ್ಲಾ ಕೆಲವು ಚುಕ್ಕಿಗಳ ಫೇಸನ್ನು ನಿಗದಿ ಮಾಡಿಕೊಂಡು, ಗೊತ್ತಿಲ್ಲದ ಕೆಲವಕ್ಕೆ ಸಂಕೇತಾಕ್ಷರಗಳನ್ನು ಕೊಟ್ಟು, ಮೂರು ಚುಕ್ಕಿಗಳ ನಿಯಮದಿಂದ ಮುಂದು ಮುಂದಕ್ಕೆ ಹಬ್ಬಿಸಿದರು. ಒಂದೇ ಚುಕ್ಕಿಗೆ ಹಲವು ದಾರಿಗಳಿಂದ ಬಂದ ಉತ್ತರಗಳು ತಾಳೆಯಾದರೆ ಸರಿ, ಇಲ್ಲವಾದರೆ ಅಳಿಸಿ ಮತ್ತೆ ಶುರು. 1960ರ ದಶಕದ ಮಧ್ಯದ ಹೊತ್ತಿಗೆ ಈ ಕ್ರಮದಿಂದ ಒಂದರ ಮೇಲೊಂದು ಹರಳು ಬಿಡಿಸಿಕೊಳ್ಳತೊಡಗಿತು. ಅನುಮಾನಪಟ್ಟವರು ಕಲಿಯಲು ಬಂದರು. ತಿಂಗಳು, ವರ್ಷಗಳನ್ನು ನುಂಗುತ್ತಿದ್ದ ಕೆಲಸವನ್ನು ಇಂದು ಸಣ್ಣ ಅಣುಗಳ ಮಟ್ಟಿಗೆ ಕಂಪ್ಯೂಟರು ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ಹೊಸ ಔಷಧಿಯ ಅಣುವಿನ ಆಕಾರವನ್ನು ಖಚಿತಪಡಿಸಿಕೊಳ್ಳುವುದು ಸುಲಭವಾದದ್ದು ಇದರಿಂದಲೇ.

ಇಸಬೆಲ್ಲಾ ಬಿಡಿಸಿದ ಒಂದು ಹರಳಿನ ಕತೆಯನ್ನು ಹೇಳದೆ ಮುಂದೆ ಹೋಗಲಾರೆವು. ಕೊಲಂಬಿಯಾದ ಕಾಡುಗಳಲ್ಲಿ ಒಂದು ಬಗೆಯ ಪುಟ್ಟ ಕಪ್ಪೆಗಳಿವೆ. ಅಲ್ಲಿನ ಮೂಲನಿವಾಸಿಗಳು ಊದುಗೊಳವೆಯ ಬಾಣಗಳಿಗೆ ಆ ಕಪ್ಪೆಯ ಚರ್ಮದ ವಿಷವನ್ನು ಸವರುತ್ತಿದ್ದರು. ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜಾನ್ ಡೇಲಿ ಮತ್ತು ಜೊತೆಗಾರರು ಆ ವಿಷವನ್ನು ಬೇರ್ಪಡಿಸಿದರು. ಸಿಕ್ಕದ್ದು ಬಹಳ ಕಡಿಮೆ; ಸಾಮಾನ್ಯ ರಾಸಾಯನಿಕ ಪರೀಕ್ಷೆಗಳಿಗೆ ಸಾಲುವಷ್ಟಿರಲಿಲ್ಲ. ಆದರೆ ಹರಳಿಗೆ ಕಣ್ಣಿಗೆ ಕಂಡೂ ಕಾಣದಷ್ಟಿದ್ದರೆ ಸಾಕು. 1968ರ ಹೊತ್ತಿಗೆ ಕಾರ್ಲ್ ದಂಪತಿಗಳು ಆ ವಿಷದ ಮೂಲ ಅಣುವಿನ ಆಕಾರವನ್ನು ಹೇಳಿದರು. ಕಪ್ಪೆಯ ವಿಷದಿಂದ ಯಾರಿಗೇನು ಉಪಯೋಗ ಎಂದರೆ, ಅದು ನರಗಳಲ್ಲಿ ಸೋಡಿಯಂ ಹಾಯುವ ಬಾಗಿಲನ್ನು ತೆರೆದೇ ಹಿಡಿಯುತ್ತದೆ. ನರದಲ್ಲಿ ಸಂದೇಶ ಹೇಗೆ ಹರಿಯುತ್ತದೆಂದು ತಿಳಿಯಲು ವಿಜ್ಞಾನಿಗಳಿಗೆ ಅದೊಂದು ಬೀಗದಕೈಯಾಯಿತು.

1985ರಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಪಾರಿತೋಷಕ ಹಾಪ್ಟ್‌ಮನ್ ಮತ್ತು ಜೆರೋಮ್ ಕಾರ್ಲ್ ಅವರಿಗೆ ಬಂದಿತು. ಜೆರೋಮ್ ಅವರಿಗೆ ಸುದ್ದಿ ತಿಳಿದದ್ದು ಯೂರೋಪಿನಿಂದ ಮರಳುತ್ತಿದ್ದಾಗ ಅಟ್ಲಾಂಟಿಕ್ ಸಾಗರದ ಮೇಲೆ, ವಿಮಾನದ ಚಾಲಕರ ಬಾಯಿಂದ. ಇಸಬೆಲ್ಲಾ ಅವರ ಹೆಸರು ಅದರಲ್ಲಿರಲಿಲ್ಲ. ಸಿದ್ಧಾಂತ ಅವರಿಬ್ಬರದು, ನಿಜ. ಆದರೆ ಅದು ಕೆಲಸ ಮಾಡುತ್ತದೆಂದು ಜಗತ್ತಿಗೆ ತೋರಿಸಿದ ಕೈ ಇಸಬೆಲ್ಲಾ ಅವರದು. ಹೆಂಡತಿಗೆ ಪಾಲು ಸಿಗಲಿಲ್ಲವೆಂದು ಹೆಚ್ಚು ನೊಂದವರು ಜೆರೋಮ್ ಅವರೇ. ಇಸಬೆಲ್ಲಾ ಅವರಿಗೆ 1995ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂದಿತು. ಅವರ ಮೂವರು ಹೆಣ್ಣುಮಕ್ಕಳೂ ವಿಜ್ಞಾನದ ಹಾದಿ ಹಿಡಿದರು. ಜೆರೋಮ್ 2013ರಲ್ಲಿ, ಇಸಬೆಲ್ಲಾ 2017ರಲ್ಲಿ ಈ ನದಿಯ ಆಚೆ ದಡದ ವರ್ಜೀನಿಯಾದಲ್ಲಿ ಕಣ್ಣು ಮುಚ್ಚಿದರು.

ಈಗ ಬೆಂಗಳೂರಿನ ಕಡೆ ತಿರುಗೋಣ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವೆಲ್ಲ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪದ್ಮನಾಭನ್ ಬಲರಾಂ ಪೆಪ್ಟೈಡುಗಳೆಂಬ, ಪ್ರೋಟೀನಿನ ತುಂಡುಗಳಂಥ ಅಣುಗಳನ್ನು ಕಟ್ಟುತ್ತಿದ್ದರು. ಅವುಗಳ ರಚನೆಯನ್ನು ಬಿಡಿಸುವುದರಲ್ಲಿ ಅವರಿಗೆ ಜೊತೆಯಾದವರು ಇದೇ ಇಸಬೆಲ್ಲಾ ಕಾರ್ಲ್. ಬೆಂಗಳೂರಿನಲ್ಲಿ ಕಟ್ಟಿದ್ದು ವಾಷಿಂಗ್ಟನ್ನಿನಲ್ಲಿ ಬಿಡಿಸಿಕೊಳ್ಳುತ್ತಿತ್ತು. ಈ ಜೊತೆಗೆಲಸ ವರ್ಷಾನುಗಟ್ಟಲೆ ನಡೆದು ಹತ್ತಾರು ಪ್ರಬಂಧಗಳಾದವು. ಜೀವಕೋಶದ ಪೊರೆಯಲ್ಲಿ ರಂಧ್ರ ಮಾಡುವ ಜರ್ವಾಮೈಸಿನ್ ಎಂಬ ಪೆಪ್ಟೈಡಿನ ರಚನೆ 1991ರಲ್ಲಿ ಹೊರಬಂದದ್ದು ಹೀಗೆಯೇ. ಬಲರಾಂ ಮುಂದೆ 2005ರಿಂದ 2014ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು.

ಅದೇ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿ ಬೆಳೆದವರು ಜಿ. ಎನ್. ರಾಮಚಂದ್ರನ್. ಮದರಾಸಿನಲ್ಲಿದ್ದಾಗ, ನಮ್ಮ ಚರ್ಮ ಮೂಳೆಗಳನ್ನು ಹಿಡಿದು ನಿಲ್ಲಿಸುವ ಕೊಲಾಜೆನ್ ಮೂರೆಳೆಯ ಹುರಿ ಎಂದು ಗೋಪಿನಾಥ್ ಕರ್ತಾ ಅವರೊಡನೆ 1950ರ ದಶಕದಲ್ಲಿ ತೋರಿಸಿದರು. 1963ರಲ್ಲಿ ಇಬ್ಬರು ಜೊತೆಗಾರರೊಡನೆ ಪ್ರೋಟೀನಿನ ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂಬ ನಕ್ಷೆ ಬರೆದರು. ನಮ್ಮ ಮೊಣಕೈ ಒಂದೇ ಕಡೆಗೆ ಮಡಿಸುವಂತೆ, ಪ್ರೋಟೀನಿಗೂ ಮಿತಿಗಳಿವೆ. ಆಮೇಲೆ ಬೆಂಗಳೂರಿಗೆ ಮರಳಿ ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಮೈಸೂರು ಅನಂತಮೂರ್ತಿ ವಿಶ್ವಮಿತ್ರ ಅವರು ಕೇಂಬ್ರಿಜಿನ ಆಲ್ಗಾ ಕೆನಾರ್ಡ್ ಮೊದಲಾದವರೊಡನೆ ಡಿ.ಎನ್.ಎ.ಯ ಪುಟ್ಟ ತುಣುಕೊಂದರ ಹರಳನ್ನು ಪರಮಾಣು ಪರಮಾಣುವಾಗಿ ಬಿಡಿಸಿ 1978ರಲ್ಲಿ ಪ್ರಕಟಿಸಿದರು. ಇನ್ಸುಲಿನ್ ರಚನೆಯನ್ನು 1969ರಲ್ಲಿ ಬಿಡಿಸಿದ ಡೊರೊತಿ ಹಾಡ್ಜ್‌ಕಿನ್ ಅವರ ತಂಡದಲ್ಲಿ ಎಂ. ವಿಜಯನ್ ಇದ್ದರು. ಅವರು ಬೆಂಗಳೂರಿಗೆ ಬಂದು, ಜೊತೆಗಾರರೊಂದಿಗೆ 1994ರಲ್ಲಿ ಕಡಲೆಕಾಯಿಯ ಲೆಕ್ಟಿನ್ ಎಂಬ ಪ್ರೋಟೀನನ್ನೂ 1996ರಲ್ಲಿ ಹಲಸಿನ ಬೀಜದ ಜಕಾಲಿನ್ ಎಂಬುದನ್ನೂ ಬಿಡಿಸಿದರು. ಬಸವನಗುಡಿಯ ಪರಿಷೆಯ ಕಡಲೆಕಾಯಿಗೂ ನಮ್ಮ ಹಿತ್ತಲಿನ ಹಲಸಿಗೂ ಜಗತ್ತಿನ ವಿಜ್ಞಾನದ ಪುಸ್ತಕದಲ್ಲಿ ಹೀಗೆ ಒಂದೊಂದು ಪುಟ ಸಿಕ್ಕಿತು.

ನೀವು ಬಂದ ಊರುಗಳ ಸುತ್ತಮುತ್ತಲೂ ಈ ಕೆಲಸ ನಡೆದಿದೆ. ಉತ್ತರ ಕೆರೊಲಿನಾದ ಡರ್ಹಮ್‌ನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇನ್ ರಿಚರ್ಡ್‌ಸನ್ ಪ್ರೋಟೀನುಗಳನ್ನು ಸುರುಳಿಸುತ್ತಿದ ರಿಬ್ಬನ್ನಿನಂತೆ ಬರೆಯುವ ಪದ್ಧತಿಯನ್ನು ರೂಢಿಗೆ ತಂದರು. ಅವರ ಚಿತ್ರಗಳು 1981ರಲ್ಲಿ ಅಚ್ಚಾದವು. ಪಿಎಚ್.ಡಿ. ಇಲ್ಲದ, ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ ಮಹಿಳೆ ಇವರು. ಅವರ ಬಳಗ ಸಿದ್ಧಪಡಿಸಿದ ತಪಾಸಣೆಯ ಪ್ರೋಗ್ರಾಮು ಹೊಸ ಪ್ರೋಟೀನು ರಚನೆಯೊಂದು ಬಂದೊಡನೆ ನೋಡುವ ಮುಖ್ಯ ಸಂಗತಿಗಳಲ್ಲಿ ರಾಮಚಂದ್ರನ್ ನಕ್ಷೆಯೂ ಒಂದು. ಅಥೆನ್ಸಿನ ಜಾರ್ಜಿಯಾ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಆಗ್ನೇಯ ರಾಜ್ಯಗಳ ಸಂಸ್ಥೆಗಳು ಒಟ್ಟುಗೂಡಿ, ಶಿಕಾಗೋ ಬಳಿಯ ಆರ್ಗಾನ್‌ನಲ್ಲಿ ಪ್ರಬಲವಾದ ಕ್ಷ-ಕಿರಣದ ನೆಲೆಯೊಂದನ್ನು ಕಟ್ಟಿಕೊಂಡವು. ಒಬ್ಬರಿಂದಾಗದ್ದು ಕೂಡಿದರೆ ಆಗುತ್ತದೆ ಎಂಬುದು ನಮ್ಮ ಕನ್ನಡ ಕೂಟಗಳಿಗೆ ಹೊಸ ಮಾತಲ್ಲ.

ಏಡ್ಸ್ ರೋಗದ ವಿಷಯಕ್ಕೆ ಬಂದರೆ, ಆ ವೈರಸ್ಸು ಬೆಳೆಯಲು ಬೇಕಾದ ಪ್ರೋಟಿಯೇಸ್ ಎಂಬ ಕತ್ತರಿಯ ಆಕಾರವನ್ನು 1989ರಲ್ಲಿ ಸರಿಯಾಗಿ ಬಿಡಿಸಿದವರಲ್ಲಿ ಮೇರಿಲ್ಯಾಂಡಿನ ಫ್ರೆಡರಿಕ್‌ನ ತಂಡ ಮುಖ್ಯವಾದದ್ದು. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಬಿ. ಕೆ. ಸತ್ಯನಾರಾಯಣ ಎಂಬ ಹೆಸರಿದೆ; ಮುಂದೆ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸವನ್ನು ಬೆಳೆಸಿದ ಐರೀನ್ ವೆಬರ್ ಅವರ ಹೆಸರೂ ಇದೆ. ಕತ್ತರಿಯ ಬಾಯಿ ಹೇಗಿದೆಯೆಂದು ತಿಳಿದ ಮೇಲೆ ಅದಕ್ಕೆ ಸಿಕ್ಕಿಸುವ ಬೆಣೆಯನ್ನು ಮಾಡಬಹುದು. 1995ರ ಡಿಸೆಂಬರಿನಿಂದ ಅಂಥ ಔಷಧಿಗಳು ಬಂದವು. ಸಾವು ಖಚಿತ ಎನ್ನುತ್ತಿದ್ದ ರೋಗ ಔಷಧಿಯೊಂದಿಗೆ ಬಾಳಬಹುದಾದ ರೋಗವಾದದ್ದರಲ್ಲಿ ಈ ಹರಳುಗಳ ಪಾಲೂ ಇದೆ.

ಬಿಡಿಸಿದ ರಚನೆಗಳನ್ನೆಲ್ಲ ಕೂಡಿಡಲು 1971ರಲ್ಲಿ ಬ್ರೂಕ್‌ಹೇವನ್‌ನಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರ ಶುರುವಾಯಿತು. ಆಗ ಅದರಲ್ಲಿದ್ದದ್ದು ಬೆರಳೆಣಿಕೆಯ ರಚನೆಗಳು. 1990ರ ದಶಕದ ಕೊನೆಗೆ ಅದನ್ನು ವಹಿಸಿಕೊಂಡ ಮೂರು ಸಂಸ್ಥೆಗಳಲ್ಲಿ ಗೇಥರ್ಸ್‌ಬರ್ಗ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯೂ ಒಂದು. ಭಂಡಾರವನ್ನು ಪರಿಚಯಿಸುವ 2000ದ ಪ್ರಬಂಧದ ಲೇಖಕರಲ್ಲಿ ಆ ಸಂಸ್ಥೆಯ ತಲಪಾಡಿ ಎನ್. ಭಟ್ ಅವರಿದ್ದಾರೆ. ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ಗಡಿಯ ಊರಾದ ತಲಪಾಡಿಯ ಹೆಸರನ್ನು ಆ ಪ್ರಬಂಧದ ಕಡೆಯಿಂದ ನೋಡಿದಾಗ ನಮಗೆ ಹಿತವೆನಿಸುತ್ತದೆ. 2023ರ ಆರಂಭಕ್ಕೆ ಭಂಡಾರದಲ್ಲಿ 2 ಲಕ್ಷ ರಚನೆಗಳಾದವು. ಯಾರು ಬೇಕಾದರೂ, ಕಾಸು ಕೊಡದೆ, ತೆರೆದು ನೋಡಬಹುದು.

ಇತ್ತೀಚೆಗೆ ಕಂಪ್ಯೂಟರೇ ಪ್ರೋಟೀನಿನ ಆಕಾರವನ್ನು ಊಹಿಸಿ ಹೇಳತೊಡಗಿದೆ. 2024ರ ರಸಾಯನ ಶಾಸ್ತ್ರದ ನೊಬೆಲ್ ಆ ಕೆಲಸಕ್ಕೂ ಸಂದಿತು. ಇನ್ನು ಹರಳು ಬೆಳೆಸುವ ಕಷ್ಟವೇಕೆ ಎಂದು ಕೇಳುವವರಿದ್ದಾರೆ. ಆ ಕಂಪ್ಯೂಟರು ಪಾಠ ಕಲಿತದ್ದು ಎಲ್ಲಿಂದ? ಐವತ್ತು ವರ್ಷ ಸಾವಿರಾರು ಜನ ಬಿಡಿಸಿ, ಬಚ್ಚಿಡದೆ ತಂದು ಹಾಕಿದ ಇದೇ ಭಂಡಾರದಿಂದ. ಊಹೆ ಸರಿಯೇ ಎಂದು ಒರೆಗೆ ಹಚ್ಚಲು ಈಗಲೂ ಅಳತೆಯೇ ಬೇಕು.

ಇದೆಲ್ಲ ನಮಗೇಕೆ ಎಂಬ ಪ್ರಶ್ನೆಗೆ ಬರೋಣ. ನಮ್ಮ ಮನೆಗಳಲ್ಲಿ ಮಗನೋ ಮಗಳೋ ಶುದ್ಧ ವಿಜ್ಞಾನ ಓದುತ್ತೇನೆಂದರೆ ಊಟದ ಹೊತ್ತಿನಲ್ಲಿ ನಾವು ಮೊದಲು ಕೇಳುವ ಮಾತು, ಅದರಿಂದ ಏನು ಉಪಯೋಗ, ಕೆಲಸ ಸಿಕ್ಕೀತೇ ಎಂದು. ದೂರದ ದೇಶಕ್ಕೆ ಬಂದು ಬದುಕು ಕಟ್ಟಿಕೊಂಡವರಿಗೆ ಆ ಭಯ ಸಹಜ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕಪ್ಪೆಯ ವಿಷವನ್ನೂ ಕಡಲೆಕಾಯಿಯ ಪ್ರೋಟೀನನ್ನೂ ಬಿಡಿಸಿದವರು ಉಪಯೋಗವನ್ನು ಮೊದಲೇ ಎಣಿಸಿ ಕೂತಿದ್ದರೆ ಒಂದು ಚುಕ್ಕಿಯನ್ನೂ ಅಳೆಯುತ್ತಿರಲಿಲ್ಲ. ಮನೆಯಲ್ಲಿ ಬೇರೆ ಭಾಷೆಯಾಡುತ್ತ ಬೆಳೆದ ವಲಸೆಗಾರರ ಹುಡುಗಿಯೊಬ್ಬಳು ಈ ಊರಿನಲ್ಲಿ ಏನು ಮಾಡಿದಳೆಂಬುದನ್ನು ಕೇಳಿದಿರಿ. ಆಕೆಗೂ ಅದೇ ಪ್ರಶ್ನೆ ಕೇಳಿ ಸುಮ್ಮನಾಗಿಸಿದ್ದರೆ ನಷ್ಟ ಆಕೆಯೊಬ್ಬಳದೇ ಆಗುತ್ತಿರಲಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಕನ್ನಡ ಶಾಲೆಯಲ್ಲಿ ಅಕ್ಷರ, ಕಗ್ಗುಣಿತ, ಕತೆಗಳ ಜೊತೆಗೆ ವರ್ಷಕ್ಕೆ ಒಂದು ತರಗತಿ ಹರಳಿಗೆ ಮೀಸಲಿರಲಿ. ಉಪ್ಪಿನಕಾಯಿಗೆಂದು ಇಲ್ಲಿನ ಅಂಗಡಿಗಳಲ್ಲೂ ಸಿಗುವ ಪಟಿಕ ಸಾಕು. ಆ ಪಟಿಕವೆಂಬ ಮಾತೇ ಸ್ಫಟಿಕದ ತದ್ಭವ. ಬಿಸಿನೀರಿನಲ್ಲಿ ಕರಗುವಷ್ಟು ಕರಗಿಸಿ, ದಾರ ಇಳಿಬಿಟ್ಟು, ಅಲುಗಾಡಿಸದೆ ಎರಡು ವಾರ ಇಡಲಿ. ಅವಸರಪಟ್ಟರೆ ಪುಡಿ, ತಾಳಿದರೆ ಹರಳು. ಕಂಡದ್ದನ್ನು ಮಕ್ಕಳು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಅದನ್ನು ಅಚ್ಚು ಹಾಕೋಣ. ಹಬ್ಬ, ಊಟ, ಹಾಡಿಗೆ ಮಾತ್ರ ಬಳಕೆಯಾಗುವ ಭಾಷೆ ಮಕ್ಕಳ ಪಾಲಿಗೆ ಅಜ್ಜಿಯ ಪೆಟ್ಟಿಗೆಯ ಸೀರೆಯಾಗಿ ಉಳಿಯುತ್ತದೆ. ಅವರು ಬೆರಗಿನಿಂದ ಕೇಳುವ ಪ್ರಶ್ನೆಗೂ ಅದರಲ್ಲಿ ಉತ್ತರ ಸಿಕ್ಕರೆ ದಿನಬಳಕೆಯ ಉಡುಗೆಯಾಗುತ್ತದೆ.